ಮೂವರು ಬಲ್ಲವರು, ಒಂದು ವಿಷಯ, ಮುಕ್ಕಾಲು ಗಂಟೆ: ಕನ್ನಡದಲ್ಲಿ ಯಾಕಾಗಬಾರದು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ಈಗ ಬರೀ ಕಾಗದದಲ್ಲಿಲ್ಲ. ಮೊಬೈಲಿನಲ್ಲೂ ಇದೆ, ವಿಡಿಯೊ ಮಾಡುತ್ತೀರಿ, ಪಾಡ್‌ಕಾಸ್ಟ್ ಮಾಡುತ್ತೀರಿ. ಅದಕ್ಕೇ ಒಂದು ಬೇಡಿಕೆ ಇಡುತ್ತಿದ್ದೇನೆ. ವಾರಕ್ಕೊಮ್ಮೆ ಒಂದೇ ಒಂದು ವಿಷಯ ಹಿಡಿಯಿರಿ. ಅದನ್ನು ವರ್ಷಗಟ್ಟಲೆ ಓದಿದ ಮೂವರನ್ನು ಕೂರಿಸಿ ಕನ್ನಡದಲ್ಲಿ ಮಾತಾಡಿಸಿ. ಇತಿಹಾಸ, ವಿಜ್ಞಾನ, ಸಂಗೀತ, ತತ್ವಶಾಸ್ತ್ರ, ಯಾವುದಾದರೂ ಆಗಲಿ, ಅವತ್ತಿನ ಸುದ್ದಿಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಇಂಥದ್ದು ಬೇರೆ ಕಡೆ ಆಗಲೇ ನಡೆಯುತ್ತಿದೆ. ಬ್ರಿಟನ್ನಿನ ಬಿಬಿಸಿ ರೇಡಿಯೊ 4ರಲ್ಲಿ 'ಇನ್ ಅವರ್ ಟೈಮ್' ಅನ್ನೋ ಕಾರ್ಯಕ್ರಮ 1998ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಗುರುವಾರ ಬೆಳಿಗ್ಗೆ 9 ಗಂಟೆಗೆ ಬರುತ್ತಿತ್ತು. ಮೊದಲು ಅರ್ಧ ಗಂಟೆ ಇತ್ತು, ಆಮೇಲೆ ಸುಮಾರು 45 ನಿಮಿಷ ಆಯಿತು. ನಡೆಸಿದವರು ಮೆಲ್ವಿನ್ ಬ್ರಾಗ್. 1939ರಲ್ಲಿ ಹುಟ್ಟಿದ ಇವರು 2025ರ ಸೆಪ್ಟೆಂಬರ್‌ನಲ್ಲಿ ಆ ಜಾಗ ಬಿಟ್ಟುಕೊಟ್ಟರು. ಅಷ್ಟರಲ್ಲಿ ಸಾವಿರಕ್ಕೂ ಜಾಸ್ತಿ ಸಂಚಿಕೆ ಆಗಿದ್ದವು. ಗುರುವಾರ ಬೆಳಗಿನ ಆ ಹೊತ್ತಿಗೆ ಏನು ಹಾಕಿದರೂ ಯಾರೂ ಕೇಳಲ್ಲ ಅಂತ ಶುರುವಿನಲ್ಲಿ ಅಲ್ಲಿನವರೇ ಅಂದುಕೊಂಡಿದ್ದರಂತೆ. ಬ್ರಾಗ್ ಅವರ ಕೈಯಲ್ಲೇ ಸುಮಾರು ಇಪ್ಪತ್ತೇಳು ವರ್ಷ ನಡೆಯಿತು! ನಾನು ಇದನ್ನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇನೆ, ಹೆಚ್ಚಾಗಿ ಬಸ್ಸಿನಲ್ಲಿ. ಸಸ್ಯಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬಗೆ, ಸೊನ್ನೆ, ಭಾರತದ ಗಣಿತ, ಭಗವದ್ಗೀತೆ, ಉಪನಿಷತ್ತು, ಆಕ್ಟೋಪಸ್ ಜಾತಿಯ ಪ್ರಾಣಿಗಳು, ಹೀಗೆ ಏನುಂಟು ಏನಿಲ್ಲ.

ಅದರ ಕ್ರಮ ಬಹಳ ಸರಳ, ನನಗೆ ಹಿಡಿಸಿದ್ದೂ ಅದೇ. ಹಿನ್ನೆಲೆ ಸಂಗೀತದ ಅಬ್ಬರ ಇಲ್ಲ. ವಿಷಯ ಏನು ಅಂತ ನಾಲ್ಕು ವಾಕ್ಯ ಹೇಳುತ್ತಾರೆ, ಬಂದ ಮೂವರ ಹೆಸರು, ಯಾವ ವಿಶ್ವವಿದ್ಯಾಲಯ ಅಂತ ಹೇಳುತ್ತಾರೆ, ಅಷ್ಟೇ, ಮೊದಲ ಪ್ರಶ್ನೆ ಬಂದೇ ಬಿಡುತ್ತದೆ. ನಮ್ಮಲ್ಲಿ ಹೇಗೆ? ಅತಿಥಿಯ ಪರಿಚಯ, ಬಿರುದು, ಪ್ರಶಸ್ತಿ, ನಿಮ್ಮ ಬಾಲ್ಯ ಹೇಗಿತ್ತು ಸರ್, ನಿಮಗೆ ಸ್ಫೂರ್ತಿ ಯಾರು ಸರ್, ಇಷ್ಟು ಹೊತ್ತಿಗೆ ಅರ್ಧ ಸಮಯ ಹೋಗಿರುತ್ತದೆ. ಅವರು ನಲವತ್ತು ವರ್ಷ ಏನು ಓದಿದರು, ಏನು ಕಂಡುಹಿಡಿದರು ಅನ್ನೋದಕ್ಕೆ ಕೊನೆಯ ಐದು ನಿಮಿಷ. ಇದು ಗೌರವವೇ? ಒಬ್ಬ ವಿದ್ವಾಂಸರಿಗೆ ಕೊಡುವ ದೊಡ್ಡ ಗೌರವ ಅಂದರೆ ಅವರ ವಿಷಯವನ್ನು ಓದಿಕೊಂಡು ಬಂದು ಸರಿಯಾದ ಪ್ರಶ್ನೆ ಕೇಳುವುದು. ಟಿವಿಯ ರಾತ್ರಿ ಚರ್ಚೆಗಳ ವಿಷಯ ಬಿಡಿ, ಅಲ್ಲಿ ಆರು ಜನ ಒಟ್ಟಿಗೆ ಕೂಗುತ್ತಾರೆ, ಯಾರ ಮಾತೂ ಕಿವಿಗೆ ಬೀಳಲ್ಲ.

ಬ್ರಾಗ್ ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿದವರು. ವಿಜ್ಞಾನಿ ಅಲ್ಲ, ಗಣಿತಜ್ಞ ಅಲ್ಲ. ಆದರೂ ಗಣಿತದ ಪ್ರೊಫೆಸರುಗಳನ್ನು ಕೂರಿಸಿಕೊಂಡು 'ಸ್ವಲ್ಪ ನಿಲ್ಲಿ, ಇದು ನಿಮಗೆ ಹೇಗೆ ಗೊತ್ತಾಯಿತು?' ಅನ್ನೋ ಥರ ಕೇಳುತ್ತಿದ್ದರು. ಮಾತು ಎಲ್ಲೋ ಹೋದರೆ ಎಳೆದು ತರುತ್ತಿದ್ದರು. ಮೂವರು ಇರಬೇಕು ಅನ್ನೋದಕ್ಕೂ ಕಾರಣ ಇದೆ. ಒಬ್ಬರೇ ಇದ್ದರೆ ಭಾಷಣ ಆಗುತ್ತದೆ. ಇಬ್ಬರಿದ್ದರೆ ಪರ ವಿರೋಧ ಅಂತ ಜಗಳ ಆಗುತ್ತದೆ. ಮೂವರಿದ್ದಾಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಮತ್ತೊಬ್ಬರು 'ಅದಕ್ಕೆ ಇನ್ನೂ ಒಂದು ಸಾಕ್ಷಿ ಇದೆ' ಅನ್ನುತ್ತಾರೆ, ಕೇಳುವವನಿಗೆ ಯಾವುದು ಗಟ್ಟಿ, ಯಾವುದು ಇನ್ನೂ ಊಹೆ ಅಂತ ತಾನಾಗೇ ತಿಳಿಯುತ್ತದೆ. ಪಾಡ್‌ಕಾಸ್ಟ್‌ನಲ್ಲಿ ಇನ್ನೊಂದು ಚೆಂದ ಇದೆ. ಪ್ರಸಾರ ಮುಗಿದ ಮೇಲೂ ಅವರು ಕೆಲವು ನಿಮಿಷ ಮಾತಾಡುತ್ತಾರೆ, ಯಾವುದನ್ನು ಹೇಳಲು ಆಗಲಿಲ್ಲ ಅಂತ. ಕೊನೆಗೆ ನಿರ್ಮಾಪಕರು ಒಳಗೆ ಬಂದು ಟೀ ಬೇಕಾ ಕಾಫಿ ಬೇಕಾ ಅಂತ ಕೇಳುವುದೂ ರೆಕಾರ್ಡ್ ಆಗಿರುತ್ತದೆ. ಎಷ್ಟೋ ಸಲ ಒಳ್ಳೆಯ ಮಾತು ಆ ಕೆಲವು ನಿಮಿಷಗಳಲ್ಲೇ ಬಂದಿರುತ್ತದೆ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಅವರು ಅಶೋಕ ಚಕ್ರವರ್ತಿಯ ಬಗ್ಗೆ ಒಂದು ಸಂಚಿಕೆ ಮಾಡಿದರು. ಕೇಳುತ್ತಾ ನನಗೆ ಮಸ್ಕಿ ನೆನಪಾಯಿತು. ಅಶೋಕನ ಶಾಸನಗಳಲ್ಲಿ ರಾಜನ ಹೆಸರಾಗಿ ಹೆಚ್ಚಾಗಿ ಇರುವುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದರು, ಶ್ರೀಲಂಕಾದ ಹಳೆಯ ಗ್ರಂಥಗಳ ಜೊತೆ ತಾಳೆ ನೋಡಿ ಈ ಪ್ರಿಯದರ್ಶಿಯೇ ಅಶೋಕ ಇರಬೇಕು ಅಂತ ವಿದ್ವಾಂಸರು ಹೇಳಿದರು. ಆದರೆ ಕಲ್ಲಿನ ಮೇಲೇ ಅಶೋಕ ಅನ್ನೋ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಕಂಡವರು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಅಂದರೆ ಅಶೋಕ ಯಾರು ಅನ್ನೋ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟಿದ್ದು ನಮ್ಮ ನೆಲ! ಒಬ್ಬ ಶಾಸನತಜ್ಞರು, ಆ ಶಾಸನಗಳ ಭಾಷೆಯಾದ ಪ್ರಾಕೃತ ಬಲ್ಲವರೊಬ್ಬರು, ಆ ಭಾಗದ ಹಳೆಯ ಚಿನ್ನದ ಗಣಿಗಳನ್ನು ಬಲ್ಲ ಭೂವಿಜ್ಞಾನಿ ಒಬ್ಬರು ಕೂತು ಮಾತಾಡಿದರೆ ಎಷ್ಟು ಚೆನ್ನಾಗಿರುತ್ತದೆ ಯೋಚಿಸಿ. ದಕ್ಷಿಣದ ಈ ತುದಿಯಲ್ಲಿ ಅಶೋಕನಿಗೆ ಏನು ಕೆಲಸ ಇತ್ತು? ಚಿನ್ನವೇ? ಇದನ್ನು ಬಲ್ಲವರು ವಾದ ಮಾಡುವುದನ್ನು ನಾನು ಕೇಳಬೇಕು.

ಇನ್ನೊಂದು ವಿಷಯ ಕೋಲಾರದ ಚಿನ್ನದ ಗಣಿ. ಆ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅಲ್ಲಿ ನಡೆದ ಭೌತವಿಜ್ಞಾನ ಎಷ್ಟು ಜನಕ್ಕೆ ಗೊತ್ತು? ಆಕಾಶದಿಂದ ಕಾಸ್ಮಿಕ್ ಕಿರಣಗಳು ಸದಾ ಸುರಿಯುತ್ತಲೇ ಇರುತ್ತವೆ. ನೆಲದೊಳಗೆ ಇಳಿದಷ್ಟೂ ಅವು ಬಂಡೆಯಲ್ಲಿ ತಡೆದು ಕಮ್ಮಿಯಾಗುತ್ತವೆ. ನ್ಯೂಟ್ರಿನೊ ಅನ್ನೋ ಕಣ ಮಾತ್ರ ಬಂಡೆಗೆ ಕ್ಯಾರೇ ಅನ್ನದೆ ದಾಟಿ ಬರುತ್ತದೆ. ಅದನ್ನು ಹಿಡಿಯಬೇಕಾದರೆ ಬೇರೆ ಕಣಗಳ ಗದ್ದಲ ಇಲ್ಲದ ಆಳ ಬೇಕು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನ ವಿಜ್ಞಾನಿಗಳು ಸೇರಿ ಕೆಜಿಎಫ್‌ನಲ್ಲಿ ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಉಪಕರಣ ಇಟ್ಟರು. ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಜಗತ್ತಿನಲ್ಲೇ ಮೊದಲು. 1980ರ ದಶಕದಲ್ಲಿ ಪ್ರೋಟಾನ್ ತಾನಾಗೇ ಒಡೆಯುತ್ತದೋ ಇಲ್ಲವೋ ಅನ್ನೋ ಪ್ರಯೋಗವೂ ಅಲ್ಲೇ ನಡೆಯಿತು. 2001ರಲ್ಲಿ ಗಣಿ ಮುಚ್ಚಿತು. ಆ ಆಳಕ್ಕೆ ಇಳಿದ ವಿಜ್ಞಾನಿಗಳನ್ನು, ಗಣಿ ಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿದವರನ್ನು ಈಗಲೇ ಮಾತಾಡಿಸಬೇಕು, ವರ್ಷ ಕಳೆದಂತೆ ಹೇಳುವವರು ಕಮ್ಮಿಯಾಗುತ್ತಾರೆ ಅಲ್ವಾ?

ಹಲ್ಮಿಡಿ ಶಾಸನ ಹಳೆಯದೋ, ತಾಳಗುಂದದ ಸಿಂಹಕಟಾಂಜನದ (ಸಿಂಹದ ಕೆತ್ತನೆ ಇರುವ ಮೆಟ್ಟಿಲ ಕಟಕಟೆಯ) ಶಾಸನ ಹಳೆಯದೋ ಅನ್ನೋದು ಕೂಡ ಒಳ್ಳೆ ವಿಷಯ. ಅಕ್ಷರದ ಆಕಾರ ನೋಡಿ ಕಾಲ ಹೇಳುವುದು ಹೇಗೆ ಅಂತ ತಿಳಿಯುತ್ತದೆ. ವಾಟ್ಸ್ಯಾಪ್‌ನಲ್ಲಿ ಸುಮ್ನೆ ಹೆಮ್ಮೆ ಪಡುವುದಕ್ಕಿಂತ ಅದು ಎಷ್ಟೋ ಮೇಲು.

ಕನ್ನಡದಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 'ಆಕಾಶವಾಣಿ' ಅನ್ನೋ ಹೆಸರು ಕೊಟ್ಟಿದ್ದೇ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಶುರು ಮಾಡಿದ ರೇಡಿಯೊ. ಅವರು ಮನಶ್ಶಾಸ್ತ್ರದ ಮೇಷ್ಟ್ರು. ಕೊಳ್ಳೇಗಾಲ ಶರ್ಮ ಅವರ ವಿಜ್ಞಾನದ ಪಾಡ್‌ಕಾಸ್ಟ್ 'ಜಾಣಸುದ್ದಿ' ಇದೆ, 'ತಲೆ-ಹರಟೆ' ಪಾಡ್‌ಕಾಸ್ಟ್ ಇದೆ, ಎರಡನ್ನೂ ಕೇಳಿ ಬಹಳ ಕಲಿತಿದ್ದೇನೆ. ಆದರೆ ಇವರ ಹತ್ತಿರ ಇಲ್ಲದ ಒಂದು ಅನುಕೂಲ ನಿಮಗಿದೆ. ಎಲ್ಲ ಜಿಲ್ಲೆಯಲ್ಲೂ ನಿಮ್ಮ ವರದಿಗಾರರಿದ್ದಾರೆ. ಯಾವ ಊರಿನ ಕಾಲೇಜಿನಲ್ಲಿ ಯಾರು ಸದ್ದಿಲ್ಲದೆ ಏನು ಸಂಶೋಧನೆ ಮಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ನೀವು ಫೋನ್ ಮಾಡಿದರೆ ಯಾರೂ ಇಲ್ಲ ಅನ್ನಲ್ಲ.

ವಿಜ್ಞಾನ ಹೇಳಲು ಕನ್ನಡ ಸಾಲಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಪ್ರೋಟಾನ್ ಅನ್ನು ಪ್ರೋಟಾನ್ ಅಂತಲೇ ಹೇಳಲಿ, ಅದು ಏನು ಮಾಡುತ್ತದೆ ಅನ್ನೋದನ್ನು ಕನ್ನಡದಲ್ಲಿ ಹೇಳಲಿ, ಸಾಕು. ಕಲಬುರಗಿಯವರು ಅವರ ಕನ್ನಡದಲ್ಲೇ ಮಾತಾಡಲಿ, ಮಂಗಳೂರಿನವರು ಅವರ ಕನ್ನಡದಲ್ಲಿ. ಅಮೆರಿಕದಲ್ಲಿ, ಜರ್ಮನಿಯಲ್ಲಿ ಪ್ರಯೋಗಾಲಯದಲ್ಲಿರುವ ಕನ್ನಡಿಗರನ್ನು ಫೋನಿನಲ್ಲೇ ಸೇರಿಸಿಕೊಳ್ಳಬಹುದು.

ನಡೆಸುವವರನ್ನು ಆರಿಸುವಾಗ ಮಾತ್ರ ಅವಸರ ಬೇಡ. ಹೆಸರುವಾಸಿ ಮುಖವೇ ಬೇಕು ಅಂತಿಲ್ಲ. ವಾರವಿಡೀ ಓದುವ ತಾಳ್ಮೆ ಇರುವವರು, 'ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ' ಅನ್ನಲು ಹಿಂಜರಿಯದವರು ಬೇಕು. ಮತ್ತೆ, ಮಾಡಿದ್ದನ್ನೆಲ್ಲ ಜೋಪಾನವಾಗಿ ಇಡಿ. ಬಿಬಿಸಿಯವರ ಹಳೆಯ ಸಂಚಿಕೆಗಳನ್ನು ಈಗಲೂ ಹುಡುಕಿ ಕೇಳಬಹುದು. ನಿಮ್ಮದೂ ಹಾಗೇ ದುಡ್ಡಿಲ್ಲದೆ, ವಿಷಯವಾರು ಸಿಗುವಂತಿರಲಿ, ಪದವಿ ಓದುವ ಮಕ್ಕಳಿಗೂ ಅವರ ಮೇಷ್ಟ್ರಿಗೂ ಬೇಕಾಗುತ್ತದೆ. ಭಾನುವಾರದ ಪುರವಣಿಯಲ್ಲಿ ಅದರ ಮಾತುಗಳನ್ನು ಒಂದು ಪುಟ ಹಾಕಿದರೆ ಮೊಬೈಲ್ ಬಳಸದ ಹಿರಿಯರಿಗೂ ತಲುಪುತ್ತದೆ. ಶುರು ಮಾಡುವುದಾದರೆ ಮಸ್ಕಿಯಿಂದಲೇ ಮಾಡಿ.

ಇಂತಿ,
ನಿಮ್ಮ ಓದುಗ, ದಾವಣಗೆರೆ