ಹುಟ್ಟಿದ ಹೊತ್ತು ಕೂಸಿಗೆ ನೆನಪಿರುವುದಿಲ್ಲ

ಬೆಟಗೇರಿ
ಭಾನುವಾರ ಸಂಜೆ

ಪ್ರೀತಿಯ ಕೂಸಿಗೆ,

ಕರ್ತನ ನಾಮದಲ್ಲಿ ನಿನ್ನ ಅತ್ತೆಯ ವಂದನೆ. ಮೊನ್ನೆ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಆಗಲೇ ಏನಾದರೂ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಮಾತು ನೆಟ್ಟಗೆ ಬರುವುದಿಲ್ಲ, ಒಲೆಯ ಮೇಲೆ ಕುಕ್ಕರ್ ಬೇರೆ ಕೂಗುತ್ತಿತ್ತು. ಇವತ್ತು ಆರಾಧನೆ ಮುಗಿಸಿ ಬಂದು, ಒಂದು ತುತ್ತು ಉಂಡು, ಬರೆಯಲು ಕೂತಿದ್ದೇನೆ.

ಯೌವನಸ್ಥರ ಕೂಟದಲ್ಲಿ ಆ ಬೋಧಕರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ‘ಯೇಸುವನ್ನು ನಂಬಿ ದೇವರ ಮಗುವಾಗಿ ನೀನು ಹೊಸದಾಗಿ ಹುಟ್ಟಿದ್ದು ಯಾವ ತಾರೀಕು?’ ಎಂದು ಕೇಳಿದರಂತೆ. ಉಳಿದವರು ಇಸವಿ ಸಮೇತ ಹೇಳಿದರು, ನಿನಗೆ ಬಾಯಿ ಬರಲಿಲ್ಲ. ಎಳೆಗೂಸಿದ್ದಾಗಲೇ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಿದೆ, ದೊಡ್ಡವಳಾದ ಮೇಲೆ ನಂಬಿಕೆ ಒಪ್ಪಿಕೊಂಡು ದೃಢೀಕರಣವೂ ಆಗಿದೆ ಅಂದಿದ್ದಕ್ಕೆ, ‘ಅದು ನಿಮ್ಮ ಸಭೆಯ ಪದ್ಧತಿ, ನಾನು ಕೇಳಿದ್ದು ಬೇರೆ’ ಅಂದರಂತೆ. ಅವತ್ತಿನಿಂದ ನಿನಗೆ ನಿದ್ದೆಯಿಲ್ಲ.

ಅವರು ಕೇಳಿದ್ದರಲ್ಲಿ ಹುರುಳಿಲ್ಲ ಅನ್ನಲಾರೆ. ಸಭೆಯ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ದೇವರ ಮಕ್ಕಳಾಗುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರೂ ಅದನ್ನೇ ಒತ್ತಿ ಹೇಳುತ್ತಿದ್ದರು. ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಅಂತೂ 1738ರ ಮೇ 24ರ ರಾತ್ರಿ, ಒಂಬತ್ತಕ್ಕೆ ಹೆಚ್ಚುಕಡಿಮೆ ಕಾಲು ಗಂಟೆ ಇರುವಾಗ ತನ್ನ ಎದೆ ಬೆಚ್ಚಗಾಯಿತು ಎಂದು ಬರೆದಿಟ್ಟಿದ್ದಾನೆ. ಹಾಗೆ ಗಂಟೆ ಹೇಳಬಲ್ಲವರು ಇದ್ದಾರೆ. ಆದರೆ ಗಂಟೆ ಗೊತ್ತಿಲ್ಲದವರು ಹುಟ್ಟೇ ಇಲ್ಲ ಎಂದು ಬೈಬಲ್ಲಿನಲ್ಲಿ, ನಮ್ಮ ಸತ್ಯವೇದದಲ್ಲಿ, ಎಲ್ಲಿ ಬರೆದಿದೆ?

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆದು ನೋಡು. ಫಿಲಿಪ್ಪಿ ಎಂಬ ಒಂದೇ ಊರಿನಲ್ಲಿ ಇಬ್ಬರು ನಂಬುತ್ತಾರೆ. ಸೆರೆಮನೆಯ ಯಜಮಾನನಿಗೆ ನಡುರಾತ್ರಿ ಭೂಕಂಪವೇ ಆಗಬೇಕಾಯಿತು. ಕೈದಿಗಳು ಓಡಿಹೋದರೆಂದು ಕತ್ತಿ ಹಿರಿದು ಸಾಯಲು ಹೊರಟವನು, ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮುಂದೆ ನಡುಗುತ್ತಾ ಬಿದ್ದ. ಲುದ್ಯಳಿಗೆ ಇದ್ಯಾವುದೂ ಇಲ್ಲ. ಕೆನ್ನೀಲಿ ಬಟ್ಟೆಯ ವ್ಯಾಪಾರದ ಹೆಂಗಸು, ನಮ್ಮ ಬೆಟಗೇರಿ ಸೀರೆ ವ್ಯಾಪಾರದವರ ಹಾಗೆ ಅಂತಿಟ್ಟುಕೋ. ಹೊಳೆದಂಡೆಯಲ್ಲಿ ಕೂತು ಪೌಲನ ಮಾತು ಕೇಳುತ್ತಿದ್ದಳು, ಕರ್ತನು ಅವಳ ಹೃದಯ ತೆರೆದನು. ಅಷ್ಟೇ ಬರೆದಿದೆ. ನಡುಗಲೂ ಇಲ್ಲ, ಅಳಲೂ ಇಲ್ಲ, ಪೌಲನವರನ್ನು ಮನೆಗೆ ಕರೆದು ಒತ್ತಾಯ ಮಾಡಿ ಉಳಿಸಿಕೊಂಡಳು. ಪೌಲನ ಶಿಷ್ಯ ತಿಮೊಥೆಯನದು ಇನ್ನೂ ಸುಮ್ಮನೆ: ಅಜ್ಜಿಯಲ್ಲಿದ್ದ ನಂಬಿಕೆ ತಾಯಿಗೆ ಬಂತು, ತಾಯಿಯದು ಮಗನಿಗೆ.

ಇನ್ನು ನನಗೆ ಗೊತ್ತಿರುವ ಕಸುಬಿನ ಮಾತಿಗೆ ಬರುತ್ತೇನೆ. ಹೆರಿಗೆ ವಾರ್ಡಿನಲ್ಲಿ 31 ವರ್ಷ ಸಿಸ್ಟರ್ ಆಗಿದ್ದೆ. ತಾನು ಹುಟ್ಟಿದ ಹೊತ್ತು ಹೇಳಿದ ಕೂಸನ್ನು ನಾನು ಒಂದೂ ಕಂಡಿಲ್ಲ. ಹೊತ್ತು ಗೊತ್ತಿರುವುದು ಹೆತ್ತವಳಿಗೆ, ಹೊರಗೆ ಕಾಯುವವರಿಗೆ, ನನ್ನಂಥವಳಿಗೆ. ಕೈತುಂಬಾ ಕೆಲಸವಿದ್ದಾಗ ಚೀಟಿ ಕಳೆದುಹೋಗುತ್ತದೆಂದು ಅಂಗೈಯಲ್ಲೇ ಪೆನ್ನಿನಿಂದ ಗೀಚಿಕೊಂಡು, ಆಮೇಲೆ ರಿಜಿಸ್ಟರಿಗೆ ಇಳಿಸುತ್ತಿದ್ದೆವು.

ನೀನು ಹುಟ್ಟಿದಾಗಲೂ ನಾನೇ ಡ್ಯೂಟಿಯಲ್ಲಿದ್ದೆ. ಬೆಳಗಿನ ಜಾವ, ಕರೆಂಟು ಹೋಗಿ ಬಂದಿತ್ತು. ನೀನು ಬಂದೆ, ಆದರೆ ಕೂಗಲಿಲ್ಲ. ಮೈ ನೀಲಿಗಟ್ಟಿತ್ತು. ಬಾಯೊಳಗಿನ ಲೋಳೆ ತೆಗೆದು, ಬಟ್ಟೆಯಿಂದ ಒರೆಸಿ, ಬೆನ್ನು ತಿಕ್ಕಿದೆ, ಅಂಗಾಲಿಗೆ ಬೆರಳಿನಿಂದ ಹೊಡೆದೆ. ನಿನ್ನ ಅವ್ವ ‘ಯಾಕ ಅಳವಲ್ದು, ಯಾಕ ಅಳವಲ್ದು’ ಅಂತ ಒಂದೇ ಸಮನೆ ಕೇಳುತ್ತಿದ್ದಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ನನಗದು ಒಂದು ಗಂಟೆ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಹೊರಟಿತು. ಅಂಗೈಯಲ್ಲಿ 4.10 ಅಂತ ಬರೆದುಕೊಂಡೆ. ಕೈ ನಡುಗಿ ಸೊನ್ನೆ ಸೊಟ್ಟಗಾಗಿತ್ತು.

ಹೊಸದಾಗಿ ಹುಟ್ಟದೆ ಯಾರೂ ದೇವರ ರಾಜ್ಯ ಕಾಣಲಾರರು ಎಂದು ಯೇಸು ಹೇಳಿದಾಗ, ಯೆಹೂದ್ಯರ ಹಿರಿಯ ನಿಕೊದೇಮನಿಗೂ ಇಲ್ಲೇ ತೊಡಕಾಯಿತು. ಮುದುಕನಾದ ಮೇಲೆ ಮನುಷ್ಯ ಹುಟ್ಟುವುದು ಹೇಗೆ, ತಾಯಿಯ ಹೊಟ್ಟೆಗೆ ಮತ್ತೆ ಹೋಗುವುದಾದೀತೇ ಎಂದು ಕೇಳಿದ. ಯೇಸು ಆಡಿದ ‘ಹೊಸದಾಗಿ’ ಎಂಬ ಮಾತಿಗೆ ಗ್ರೀಕಿನಲ್ಲಿ ‘ಮತ್ತೊಮ್ಮೆ’ ಎಂಬ ಅರ್ಥವೂ ಉಂಟು, ‘ಮೇಲಿನಿಂದ’ ಎಂಬ ಅರ್ಥವೂ ಉಂಟು. ನಿಕೊದೇಮನು ಮೊದಲನೆಯದನ್ನೇ ಹಿಡಿದುಕೊಂಡು ತಾನೇನು ಮಾಡಬೇಕೆಂದು ಲೆಕ್ಕ ಹಾಕತೊಡಗಿದ. (ನಿನ್ನ ಆಫೀಸಿನ ಗೆಳತಿ ‘ನಿಮ್ಮಲ್ಲೂ ಪುನರ್ಜನ್ಮ ಉಂಟಾ?’ ಅಂತ ಕೇಳಿದಳು ಅಂದಿದ್ದೆಯಲ್ಲ, ಅದು ನೆನಪಾಗಿ ನಗು ಬಂತು. ಅದಕ್ಕೇ ನಮ್ಮ ಹಿರಿಯರು ಆ ಶಬ್ದ ಬಿಟ್ಟು ‘ಹೊಸ ಹುಟ್ಟು’ ಅನ್ನುತ್ತಿದ್ದರು.) ಹೆರುವ ಕೆಲಸ ಮೇಲಿನವನದು. ಪ್ರವಾದಿ ಯೆಶಾಯನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ತಾನೇ, ಹೆರುವ ಹೆಂಗಸಿನ ಹಾಗೆ ಕೂಗುತ್ತೇನೆ, ಏದುಸಿರು ಬಿಡುತ್ತೇನೆ ಅನ್ನುತ್ತಾನೆ. ಆ ಕೂಗು ನಾನು ಕೇಳಿದವಳು. ಬೇನೆ ತಿನ್ನುವವರು ಯಾರೆಂಬುದನ್ನು ನನಗೆ ಬೋಧಕರು ಹೇಳಿಕೊಡಬೇಕಿಲ್ಲ.

ಈಗ ಕಷ್ಟದ ಮಾತು. ‘ತಂದೆ ಅಂತ ಪ್ರಾರ್ಥನೆ ಶುರುಮಾಡಿದರೆ ಅಪ್ಪನ ಮುಖವೇ ಕಣ್ಣ ಮುಂದೆ ಬರುತ್ತದೆ’ ಅಂದೆ. ಅವನು ನನ್ನ ಬೆನ್ನಿಗೆ ಬಿದ್ದ ತಮ್ಮ, ಅವನನ್ನು ಎತ್ತಿ ಆಡಿಸಿದ್ದೇನೆ. ಆದರೂ ‘ಒಳಗೊಳಗೆ ಪ್ರೀತಿ ಇದೆ, ತೋರಿಸಲು ಬರುವುದಿಲ್ಲ’ ಅಂತ ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಅವತ್ತು ಬೆಳಗಿನ ಜಾವ ಬಾಗಿಲ ಹೊರಗೆ ಹೋಗಿ ‘ಹೆಣ್ಣು’ ಅಂದಾಗ, ಅವನು ಚಹಾ ಕುಡಿದು ಬರುತ್ತೇನೆ ಅಂತ ಹೋದವನು ಮಧ್ಯಾಹ್ನಕ್ಕೆ ಬಂದ. ಅದು ತಪ್ಪು. ಇವತ್ತಿಗೂ ತಪ್ಪೇ. ಗಂಡಸರಷ್ಟೇ ಹಾಗೆ ಅಲ್ಲ. ಮೂರನೆಯದೂ ಹೆಣ್ಣೆಂದು ತಿಳಿದು ಗೋಡೆಯ ಕಡೆ ಮುಖ ತಿರುಗಿಸಿಕೊಂಡ ತಾಯಂದಿರನ್ನೂ ನೋಡಿದ್ದೇನೆ. ಕೂಸು ಮೊಲೆ ಹುಡುಕುತ್ತಾ ಬಾಯಿ ತೆರೆಯುತ್ತಿರುತ್ತದೆ, ಇವರು ನೋಡುವುದಿಲ್ಲ.

ಸತ್ಯವೇದ ಇದನ್ನು ಮುಚ್ಚಿಡುವುದಿಲ್ಲ ನೋಡು. ಹೆತ್ತವಳು ಮೊಲೆಗೂಸನ್ನು ಮರೆತಾಳೇ ಎಂದು ಯೆಶಾಯ 49ರಲ್ಲಿ ಕೇಳಿ, ಮರೆಯಲಾರಳು ಎಂದು ಬಿಟ್ಟುಬಿಡಬಹುದಿತ್ತು. ಒಂದು ವೇಳೆ ಮರೆತಾಳು, ನಾನಾದರೋ ನಿನ್ನನ್ನು ಮರೆಯೆ ಎಂದಿದೆ. ಆಮೇಲಿನ ವಚನದಲ್ಲಿ, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಎಂದು. ಪೆನ್ನಿನದಾದರೆ ಡೆಟಾಲ್ ನೀರಿಗೆ ಹೋಗುತ್ತದೆ, ಇದು ಕೆತ್ತಿದ್ದು. ನಿನ್ನ ತಾರೀಕು ಅಲ್ಲಿದೆ ಕೂಸೇ. ಅದನ್ನು ನಿನ್ನ ಅಂಗೈಯಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಹಾಗಾದರೆ ನಾನು ಹುಟ್ಟಿದ್ದೇನೆಂದು ಗೊತ್ತಾಗುವುದು ಹೇಗೆ ಅನ್ನುತ್ತೀ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು, ನಮಗೆ ಕೊಟ್ಟ ಆತ್ಮದಿಂದ ‘ಅಪ್ಪಾ, ತಂದೆಯೇ’ ಎಂದು ಕೂಗುತ್ತೇವೆ ಅನ್ನುತ್ತಾನೆ. ಕೂಗುತ್ತೇವೆ ಅಂದಿದ್ದಾನೆ, ಕೈಮುಗಿದು ನಿಂತು ಚೆಂದಾಗಿ ಹೇಳುತ್ತೇವೆ ಅಂದಿಲ್ಲ. ಮೊನ್ನೆ ನೀನು ಫೋನಿನಲ್ಲಿ ಏನಂದೆ? ‘ಅಪ್ಪಾ ದೇವರೇ, ನಾನು ನಿನ್ನವಳಲ್ಲವಾ ಅಂತ ರಾತ್ರಿಯೆಲ್ಲಾ ಕೇಳಿದೆ ಅತ್ತೆ.’ ನಾನು ಗ್ಯಾಸ್ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನಗೆ 4.10 ನೆನಪಾಯಿತು. ಜೀವವಿಲ್ಲದ ಕೂಸು ಕೂಗುವುದಿಲ್ಲ.

ಅಪ್ಪನ ಜೊತೆ ಮಾತು ಬಿಟ್ಟಿದ್ದೀಯಲ್ಲ, ಅದಕ್ಕೆ ನಾನು ಒತ್ತಾಯ ಮಾಡುವುದಿಲ್ಲ, ನಿನಗೆ ತಿಳಿದಾಗ ಮಾಡು. ಆ ಕೂಟಕ್ಕೆ ಹೋಗಬೇಡ ಅಂತಲೂ ಹೇಳುವುದಿಲ್ಲ, ಹಾಡು ಚೆನ್ನಾಗಿರುತ್ತವೆ ಅಂದಿದ್ದೆ. ಕ್ರಿಸ್ಮಸ್ಸಿಗೆ ರಜೆ ಸಿಕ್ಕರೆ ಎರಡು ದಿನ ಮೊದಲೇ ಬಾ, ಕರ್ಚಿಕಾಯಿ ಮಡಿಸಲು ನನ್ನ ಬೆರಳು ಮೊದಲಿನ ಹಾಗೆ ಬಗ್ಗುವುದಿಲ್ಲ. ರೈಲಾದರೆ ಗದಗ ಸ್ಟೇಷನ್ನಿಗೆ ನಾನೇ ಆಟೋ ತಗೊಂಡು ಬರುತ್ತೇನೆ, ಬೆಳಗಿನ ಜಾವವಾದರೂ ಸರಿ.

ನಿನ್ನ ಅತ್ತೆ