ಅಣ್ಣಿಗೇರಿ ದಾಟಿದ ಮ್ಯಾಲಿನ ಪಂಕ್ಚರ್ ಅಂಗಡಿ ಅಣ್ಣಾರಿಗೆ

ಥಲಸ್ಸೇಮಿಯಾ ಅನ್ನೋ ರಕ್ತದ ಜಡ್ಡು ಜೋರು ಇರೋ ಹುಡುಗ್ರಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಹಾಕಸಬೇಕಾಗತೈತಿ, ಆ ಖರ್ಚಿಗೆ ರೊಕ್ಕ ಕೂಡಸಾಕಂತ ನಾವು ನಾಲ್ಕು ಮಂದಿ ಗೆಳ್ಯಾರು ಹುಬ್ಬಳ್ಳಿಯಿಂದ ಗದಗಿಗೆ ನಡಕೋಂತ ಹೊಂಟಿದ್ವಿ, ಹತ್ರಹತ್ರ 60 ಕಿಲೋಮೀಟರ್. ಎರಡನೇ ದಿನ ಅಣ್ಣಿಗೇರಿ ದಾಟಿದ್ಮ್ಯಾಲೆ ನನ್ನ ಬೂಟಿನ ಸೋಲ್ ಅರ್ಧಕ್ಕರ್ಧ ಕಿತ್ತು ಬಂತು, ಎರಡೂ ಕಡೆ ಎರಿ ಹೊಲ, ನೆಳ್ಳಿಗೆ ಒಂದು ಗಿಡ ಇಲ್ಲ, ಇಲ್ಲಿಗೇ ಮುಗೀತು ಅಂತ ಕಣ್ಣಾಗ ನೀರು ಬಂದ್ವು.

ಹಂಗ ಕಾಲು ಎಳಕೋಂತ ಬಂದಾಗ ಸಿಕ್ಕವ್ರು ನೀವು. ಯಾರು ಏನು ಅಂತ ಕೇಳ್ಲಿಲ್ಲ, ಮೊದ್ಲು ನಿಮ್ಮ ಚಪ್ಪಲ್ ಬಿಚ್ಚಿ ನನ್ನ ಮುಂದ ಇಟ್ರಿ, "ನೆಲ ಸುಡತೈತಿ, ಹಾಕ್ಕೋರಿ" ಅಂದ್ರಿ, ನೀವು ಬರಿಗಾಲಾಗ ನಿಂತ್ರಿ. ಟ್ಯೂಬ್ ತಿಕ್ಕೋ ಅರದಿಂದ ಸೋಲ್ ತಿಕ್ಕಿ, ಸೊಲ್ಯೂಷನ್ ಹಚ್ಚಿ, ಅದು ಆರೋತನಕ ಬಾಯಿಲೆ ಊದಿ, ಒತ್ತಿ ಹಿಡದು, ಮ್ಯಾಲೆ ಲಾರಿ ಟೈರ್ ಹೇರಿದ್ರಿ. "ಗಡಿಬಿಡಿ ಮಾಡಬ್ಯಾಡ್ರಿ ತಮ್ಮಾ, ಕೂಡ್ರಿ" ಅಂತ ಹರವಿ ನೀರು ಕೊಟ್ರಿ. ಆ ತಣ್ಣನ ನೀರು!

ರೊಕ್ಕ ಕೊಡಾಕ ಬಂದ್ರ, "ಅದನ್ನ ಹುಡುಗ್ರ ಡಬ್ಬಿಗೆ ಹಾಕ್ರಿ" ಅಂದ್ರಿ.

ಸಂಜಿಕೆ ಗದಗ ಮುಟ್ಟಿದೆ ಅಣ್ಣಾರ, ಸೋಲ್ ಒಂಚೂರೂ ಅಳ್ಳಾಡ್ಲಿಲ್ಲ. ನಿಮ್ಮ ಹೆಸರು ಕೇಳೋದ ಮರತೆ. ಆ ದಾರ್‍ಯಾಗ ಓಡಾಡೋರು ಯಾರಾದ್ರೂ ಇದ್ರ, ಅವ್ರಿಗೆ ಇದನ್ನ ಓದಿ ಹೇಳ್ರಿ.