ಬೆದೆ ಮುಗಿದ ಮೇಲಿನ ಎರಡು ತಿಂಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪುರವಣಿಯಲ್ಲಿ ಹೆಣ್ಣು ನಾಯಿ ಬೆದೆಗೆ ಬಂದಾಗ ಹೇಗೆ ನೋಡಿಕೊಳ್ಳಬೇಕು ಎಂಬ ಲೇಖನ ಬಂದಿತ್ತು. ಗೇಟು ಭದ್ರ ಮಾಡಿ, ಒಂಟಿಯಾಗಿ ಹೊರಗೆ ಬಿಡಬೇಡಿ, ಎಲ್ಲ ಸರಿ. ಆದರೆ ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ‘ಸುಮಾರು ಮೂರು ವಾರಗಳ ನಂತರ ನಾಯಿ ಎಂದಿನಂತಾಗುತ್ತದೆ’ ಎಂದಿತ್ತು. ಎಂದಿನಂತೆ ಆಗುವುದಿಲ್ಲ ಸ್ವಾಮಿ. ಹೊರಗೆ ಕಾಣುವ ಗಲಾಟೆ ನಿಲ್ಲುತ್ತದೆ, ಅಷ್ಟೇ. ಒಳಗಿನ ಕೆಲಸ ಶುರುವಾಗುವುದೇ ಆಮೇಲೆ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಏನೇ ಆದರೂ ತಾರೀಖು ಬರೆದಿಡುವ ಚಟ. ನಮ್ಮ ಕೆಂಪಿಗೆ ಈಗ ನಾಲ್ಕು ವರ್ಷ. ಹೋದ ಸಲ ಅವಳು ಬೆದೆಗೆ ಬಂದಾಗ, ರಕ್ತ ಕಂಡ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೆ. 20ನೇ ದಿನಕ್ಕೆ ಎಲ್ಲ ನಿಂತಿತು. ಊತ ಇಳಿಯಿತು. ಗೇಟಿನ ಹೊರಗೆ ಕಾಯುತ್ತಿದ್ದ ಗಂಡು ನಾಯಿಗಳೂ ತಮ್ಮ ದಾರಿ ಹಿಡಿದವು. ನಮ್ಮ ಮನೆಯವರು ಗೇಟಿಗೆ ಸುತ್ತಿದ್ದ ಹಗ್ಗ ಬಿಚ್ಚಿ ಉಸ್ಸಪ್ಪಾ ಅಂದರು. ಮುಂದಿನ ಒಂದೂವರೆ ತಿಂಗಳು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹಸಿವು ಸ್ವಲ್ಪ ಜಾಸ್ತಿ, ಓಡಾಟ ಸ್ವಲ್ಪ ಕಡಿಮೆ, ಮೈ ಸ್ವಲ್ಪ ತುಂಬಿಕೊಂಡಳು. ಒಳ್ಳೇದೇ ಆಯ್ತು ಅಂದುಕೊಂಡೆ.

66ನೇ ದಿನ ಕೆಂಪಿ ಮಂಚದ ಕೆಳಗೆ ಸೇರಿಕೊಂಡಳು. ಹಳೇ ಬೆಡ್‌ಶೀಟ್ ಎಳೆದುಕೊಂಡು ಹೋಗಿ, ಕೆರೆದು ಕೆರೆದು, ಗುಂಡಗೆ ಹಾಸಿಗೆ ಮಾಡಿಕೊಂಡಳು. ಮನೆಯವರ ಒಂದು ಕಂದು ಸಾಕ್ಸ್ ಕಚ್ಚಿ ತಂದು, ಹೊಟ್ಟೆಗೆ ಒತ್ತಿಕೊಂಡು ಮಲಗಿದಳು. ಅದನ್ನು ತೆಗೆಯಲು ಕೈ ಹಾಕಿದ ಅವರಿಗೇ ಗುರ್ ಅಂದಳು. ನಾಲ್ಕು ವರ್ಷದಲ್ಲಿ ಅದೇ ಮೊದಲು. ಸಂಜೆ ಮೈ ಸವರುವಾಗ ನೋಡಿದರೆ ಮೊಲೆಗಳು ಊದಿವೆ, ತೊಟ್ಟಿನ ತುದಿಯಲ್ಲಿ ಹಾಲಿನ ಹನಿ.

ಆಮೇಲೆ ಎರಡು ದಿನ ಮನೆಯಲ್ಲಿ ತನಿಖೆ. ಗೇಟು ತೆರೆದವರು ಯಾರು? ನಾನಲ್ಲ ಅಂತ ಅವರು. ಹಾಗಾದರೆ ನಾನಾ ಅಂತ ನಾನು. ನಿಜ ಹೇಳಬೇಕೆಂದರೆ ಯಾರೂ ತೆರೆದಿರಲಿಲ್ಲ. ಈ ನಡುವೆ ಪರಿಚಯದವರೊಬ್ಬರು, ಹಾಲು ಹಿಂಡಿ ತೆಗೀರಿ, ಇಲ್ಲಾಂದ್ರೆ ಗಟ್ಟಿಯಾಗುತ್ತೆ ಅಂದರು. ನಾನೂ ಹಿಂಡಿದೆ. ಮಾರನೇ ದಿನ ಹಾಲು ಇನ್ನೂ ಜಾಸ್ತಿ. ಹಿಂಡಿದಷ್ಟೂ, ನಾಯಿ ತಾನೇ ನೆಕ್ಕಿಕೊಂಡಷ್ಟೂ, ಮರಿ ಕುಡಿಯುತ್ತಿದೆ ಎಂದೇ ಮೈ ತಿಳಿಯುತ್ತದಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ಪಶುವೈದ್ಯರು ಸ್ಕ್ಯಾನ್ ಮಾಡಿ ನೋಡಿದರು. ಗರ್ಭಕೋಶದಲ್ಲಿ ಮರಿ ಇರಲಿಲ್ಲ. ಇದು ಹುಸಿ ಗರ್ಭ ಅಂದರು. ನನಗೆ ಅರ್ಥವಾಗಲಿ ಎಂದು ಹಸುವಿನ ಲೆಕ್ಕ ಹೇಳಿದರು. ಹಸು ಬೆದೆಗೆ ಬಂದು ಗಬ್ಬ ಕಟ್ಟದಿದ್ದರೆ ಅದರ ಮೈಗೆ ಬೇಗ ತಿಳಿಯುತ್ತದೆ. ಸುಮಾರು 21 ದಿನಕ್ಕೆ ಮತ್ತೆ ಬೆದೆ. ನಾಯಿಯ ಮೈಗೆ ಈ ಲೆಕ್ಕ ಗೊತ್ತಾಗುವುದಿಲ್ಲ. ಬೆದೆಯಲ್ಲಿ ಅಂಡ ಬಿಡುಗಡೆಯಾದ ಜಾಗದಲ್ಲಿ, ಅಂಡಾಶಯದಲ್ಲೇ, ಪುಟ್ಟ ಪುಟ್ಟ ಗಂಟುಗಳು ಬೆಳೆಯುತ್ತವೆ. ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬರುವುದು ಅವುಗಳಿಂದ. ಗಂಡು ಕೂಡಿರಲಿ ಬಿಡಲಿ, ಮರಿ ಇರಲಿ ಇಲ್ಲದಿರಲಿ, ಸುಮಾರು ಎರಡು ತಿಂಗಳು ಅದು ಬರುತ್ತಲೇ ಇರುತ್ತದೆ. ನಾಯಿ ಮರಿ ಹೊರುವುದೂ ಹೆಚ್ಚುಕಡಿಮೆ 63 ದಿನ ಅಲ್ವಾ? ಹಾಗಾಗಿ ರಕ್ತದಲ್ಲಿ ಈ ಹಾರ್ಮೋನು ಎಷ್ಟಿದೆ ಎಂದು ನೋಡಿದರೆ ಗಬ್ಬವೋ ಅಲ್ಲವೋ ಹೇಳಲು ಬರುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ.

ಎರಡು ತಿಂಗಳ ಹೊತ್ತಿಗೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಅದು ಇಳಿಯುವಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಮೈಯ ಪ್ರಕಾರ ಹೆರಿಗೆ ಆಗಿದೆ, ಇನ್ನು ಮರಿ ಎಲ್ಲಿ ಅಂತ ಹುಡುಕಬೇಕು. ಕೆಂಪಿಗೆ ಸಿಕ್ಕಿದ್ದು ಸಾಕ್ಸ್. (ತೋಳಗಳ ಗುಂಪಿನಲ್ಲಿ ಒಂದರ ಮರಿಗೆ ಇನ್ನೊಂದು ಹಾಲೂಡಿಸಲು ಇದು ಅನುಕೂಲವಾಗಿದ್ದಿರಬೇಕು ಎಂಬ ಊಹೆಯೂ ಇದೆ. ನನಗೆ ಆ ಮಾತು ಹಿಡಿಸಿತು.) ಆಪರೇಷನ್ ಆಗದ ಹೆಣ್ಣು ನಾಯಿಗಳೆಲ್ಲ ಪ್ರತಿ ಬೆದೆಯ ನಂತರ ಹಾರ್ಮೋನಿನ ಮಟ್ಟಿಗೆ ಈ ದಾರಿಯಲ್ಲೇ ಹೋಗುತ್ತವೆ. ಕೆಲವದರಲ್ಲಿ ಹೊರಗೆ ಕಾಣುತ್ತದೆ, ಕೆಲವದರಲ್ಲಿ ಕಾಣುವುದಿಲ್ಲ. ಅದಕ್ಕೇ ಇದನ್ನು ಕಾಯಿಲೆ ಅಂತ ಕರೆಯುವುದು ತಪ್ಪು.

ಹಾಲು ಮುಟ್ಟಬೇಡಿ, ನೆಕ್ಕಲು ಬಿಡಬೇಡಿ, ಜಾಸ್ತಿ ನಡೆಸಿ ಅಂದರು. ಹಳೇ ಟೀ ಶರ್ಟ್ ತೊಡಿಸಿದೆವು. ಸಾಕ್ಸನ್ನು ಕಿತ್ತುಕೊಳ್ಳಲು ಹೋಗದೆ, ಅವಳು ವಾಕಿಂಗಿಗೆ ಹೋದಾಗ ಎತ್ತಿಟ್ಟೆವು. ಎರಡೂವರೆ ವಾರದಲ್ಲಿ ಹಾಲು ಬತ್ತಿತು. ತೀರಾ ಜೋರಾಗಿದ್ದರೆ ಪ್ರೊಲ್ಯಾಕ್ಟಿನ್ ಇಳಿಸುವ ಔಷಧಿ ಇದೆ, ಆದರೆ ಅದನ್ನು ವೈದ್ಯರೇ ಕೊಡಬೇಕು. ಈ ಗೋಳೇ ಬೇಡ, ಈಗಲೇ ಆಪರೇಷನ್ ಮಾಡಿಸಿಬಿಡೋಣ ಎಂದು ನಾನು ಅವಸರ ಮಾಡಿದ್ದೆ. ಅದಕ್ಕೂ ಬೇಡ ಅಂದರು. ಹಾಲು ಇರುವಾಗ ಅಂಡಾಶಯ ತೆಗೆದರೆ ಪ್ರೊಜೆಸ್ಟರಾನ್ ಒಮ್ಮೆಲೇ ಕುಸಿದು, ಪ್ರೊಲ್ಯಾಕ್ಟಿನ್ ಏರಿ, ಹುಸಿ ಗರ್ಭ ಬಿಡದೆ ಕಾಡಬಹುದಂತೆ. ಬೆದೆ ಮುಗಿದು ಮೂರು ನಾಲ್ಕು ತಿಂಗಳಾಗಲಿ ಅಂದರು.

ಆಮೇಲೆ ಕೂದಲು. ಮೂರನೇ ತಿಂಗಳು ಗುಡಿಸಿದಷ್ಟೂ ಕೂದಲು. ಚರ್ಮರೋಗ ಅಂತ ಹೆದರಿದ್ದೆ. ಬೆದೆಯಾದ ಕೆಲವು ತಿಂಗಳಿಗೆ ಹೀಗೆ ಉದುರುವುದುಂಟು, ಮತ್ತೆ ಬರುತ್ತದೆ ಅಂದರು. ಬಂತು. ಮೊಲೆತೊಟ್ಟು ಮಾತ್ರ ಮೊದಲಿನಷ್ಟು ಚಿಕ್ಕದಾಗಲಿಲ್ಲ. ಅದೂ ಸಹಜವೇ.

ಇಷ್ಟಕ್ಕೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಇದಾದ ಮೇಲೆ ನಾನು ಮನೆಮಂದಿಗೆಲ್ಲ ದೊಡ್ಡ ಪಂಡಿತೆ ಆಗಿಬಿಟ್ಟಿದ್ದೆ. ತಂಗಿ ಫೋನ್ ಮಾಡಿದಳು. ಅವಳ ನಾಯಿಗೆ ಒಂಬತ್ತು ವರ್ಷ, ಒಂದು ಸಲವೂ ಮರಿ ಹಾಕಿದ್ದಲ್ಲ. ಬೆದೆ ಮುಗಿದು ಐದು ವಾರವಾಗಿತ್ತು. ‘ಅಕ್ಕ, ಮಂಕಾಗಿ ಬಿದ್ದಿರುತ್ತೆ, ಊಟ ಬೇಡ ಅನ್ನುತ್ತೆ’ ಅಂದಳು. ‘ಹುಸಿ ಗರ್ಭ ಕಣೇ, ಸುಮ್ನೆ ಬಿಡು’ ಅಂದೆ. ಬೋಗುಣಿಗಟ್ಟಲೆ ನೀರು ಕುಡಿಯುತ್ತೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತೆ ಎಂದೂ ಹೇಳಿದಳು. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ದಿನ ಹೋಯಿತು. ಮೂರನೇ ದಿನ ವಾಂತಿ, ಹೊಟ್ಟೆ ಉಬ್ಬಿತ್ತು.

ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಅನ್ನುತ್ತಾರೆ. ಅದೇ ಪ್ರೊಜೆಸ್ಟರಾನ್, ಅದೇ ಎರಡು ತಿಂಗಳು. ಮರಿ ಕೂರಲಿ ಎಂದು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಬಾಯಿ ಮುಚ್ಚುತ್ತದೆ, ಒಳಗೆ ಬಂದ ರೋಗಾಣುವಿನ ಜೊತೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ಬೆದೆಯಲ್ಲಿ ಬಾಯಿ ತೆರೆದಿದ್ದಾಗ ಒಳಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ? ವರ್ಷವಾದಂತೆ, ಬೆದೆ ಬಂದು ಹೋದಂತೆ, ಈ ಅಪಾಯ ಜಾಸ್ತಿಯಾಗುತ್ತದೆ. ಕೀವು ಹೊರಗೆ ಸುರಿದರೆ ನಮಗೆ ಕಾಣುತ್ತದೆ. ತಂಗಿಯ ನಾಯಿಯದು ಬಾಯಿ ಮುಚ್ಚಿಕೊಂಡ ಬಗೆ, ಒಂದು ಹನಿಯೂ ಹೊರಗೆ ಬರಲಿಲ್ಲ. ಇದೇ ಹೆಚ್ಚು ಅಪಾಯದ್ದು.

ಆ ದಿನವೇ ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ನಾಯಿ ಬದುಕಿತು. ತಂಗಿ ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಮೇಲೆ ಕೂತು ಎರಡೂ ನಾಯಿಗಳ ದಿನಗಳನ್ನು ಪಕ್ಕಪಕ್ಕ ಬರೆದು ನೋಡಿದೆ. ಕೆಂಪಿ ಮಂಕಾಗಿದ್ದಳು, ಊಟಕ್ಕೆ ಸತಾಯಿಸಿದಳು, ಆದರೆ ನೀರು ಮಾಮೂಲಿ. ವಾಂತಿ ಇಲ್ಲ. ಸಾಕ್ಸ್ ಮುಟ್ಟಿದರೆ ಎದ್ದು ನಿಲ್ಲುವಷ್ಟು ಕಸುವಿತ್ತು. ತಂಗಿಯ ನಾಯಿಗೆ ಹಾಲೂ ಇರಲಿಲ್ಲ, ಗೂಡು ಕಟ್ಟುವ ಆಸೆಯೂ ಇರಲಿಲ್ಲ. ಬರೀ ಬಾಯಾರಿಕೆ. ಅದನ್ನು ಕೇಳಿದ ತಕ್ಷಣ ಓಡಬೇಕಿತ್ತು. ಹಾಲು ಬಂದಿದೆ ಎಂದ ಮಾತ್ರಕ್ಕೆ ಕೀವು ಇಲ್ಲ ಅಂತಲೂ ಅಲ್ಲ, ಎರಡೂ ಒಟ್ಟಿಗೆ ಬರಬಹುದು. ಬಾಯಾರಿಕೆಯಿಂದಲೇ ಶುರುವಾಗುವ ಸಕ್ಕರೆ ಕಾಯಿಲೆಯೂ ವಯಸ್ಸಾದ ಹೆಣ್ಣು ನಾಯಿಗೆ ಕೆಲವೊಮ್ಮೆ ಈ ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ. ಪ್ರೊಜೆಸ್ಟರಾನ್ ಇನ್ಸುಲಿನ್‌ಗೆ ಅಡ್ಡ ಬರುತ್ತದೆ. ಯಾವುದು ಎಂದು ಫೋನಿನಲ್ಲಿ ಹೇಳುವುದು ಗಣಿತದ ಮೇಡಂ ಕೆಲಸವಲ್ಲ.

ಕೆಂಪಿಯ ಆಪರೇಷನ್ ಮುಂದಿನ ತಿಂಗಳು. ಅಲ್ಲಿಯವರೆಗೆ ಕ್ಯಾಲೆಂಡರ್ ಗೋಡೆಯ ಮೇಲೇ ಇರುತ್ತದೆ. ನೀವು ಆ ಲೇಖನವನ್ನು ಮತ್ತೆ ಎಂದಾದರೂ ಹಾಕುವುದಾದರೆ ದಯವಿಟ್ಟು ಆ ಕೊನೆಯ ಸಾಲು ತೆಗೆಯಿರಿ. ಬೆದೆ ನಿಂತ ದಿನವನ್ನು ಬರೆದಿಟ್ಟುಕೊಳ್ಳಿ, ಅಲ್ಲಿಂದ ಎರಡು ಮೂರು ತಿಂಗಳು ನೀರಿನ ಬೋಗುಣಿಯ ಮೇಲೆ ಕಣ್ಣಿಡಿ ಎಂದು ಹಾಕಿ. ಜಾಗ ಸಾಲದಿದ್ದರೆ ರಿಬ್ಬನ್ ಕಟ್ಟಿಕೊಂಡ ನಾಯಿಮರಿಯ ಫೋಟೊ ಇತ್ತಲ್ಲ, ಅದನ್ನು ಸ್ವಲ್ಪ ಚಿಕ್ಕದು ಮಾಡಬಹುದು.

ಇತಿ,
ನಿಮ್ಮ ಹಳೆಯ ಓದುಗಿ, ನಿವೃತ್ತ ಶಿಕ್ಷಕಿ